ದುಡಿಮೆಯ ಕೊಳಗ ಯಾರ ಕೈಯಲ್ಲಿ?

(ಹೇಮಗುಡ್ಡದಲ್ಲಿ ನಡೆದ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಗೊತ್ತುಮಾಡಿದ ವಿಷಯ ಕಂಪ್ಯೂಟರ್ ಉದ್ಯಮ. ಗುಡ್ಡದ ಬುಡದ ಈ ಊರಿಗೂ ಬೆಂಗಳೂರಿನ ಗಾಜಿನ ಕಟ್ಟಡಗಳಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ಮಗನನ್ನೋ ಮಗಳನ್ನೋ ಇಂಜಿನಿಯರ್ ಮಾಡಲು ಈ ಭಾಗದ ಎಷ್ಟೋ ಮನೆಗಳವರು ಹೊಲ ಒತ್ತೆಯಿಟ್ಟಿದ್ದಾರೆ, ಬ್ಯಾಂಕಿನ ಸಾಲ ತೆಗೆದಿದ್ದಾರೆ. ಕೆಲಸ ಸಿಕ್ಕಿತೆಂಬ ಸುದ್ದಿ ಬಂದ ದಿನ ದುರ್ಗಮ್ಮನ ಗುಡಿಯಲ್ಲಿ ಕಾಯಿ ಒಡೆಸುತ್ತಾರೆ. ಆ ಕೆಲಸದ ಸ್ವರೂಪವೇನು, ಅದು ಎಷ್ಟು ದಿನ ನಿಲ್ಲುವಂಥದು, ಅದರ ನಿಯಮಗಳನ್ನು ಯಾರು ಮಾಡುತ್ತಾರೆ ಎಂಬುದನ್ನು ತಿಳಿಯುವ ಹಕ್ಕು ಸಾಲಪತ್ರಕ್ಕೆ ಸಹಿ ಹಾಕಿದ ತಂದೆಗೂ ಇದೆ.

ನಾವು ಯಂತ್ರಶಾಸ್ತ್ರ ಓದಿದವರಲ್ಲ. ಮೆಟ್ರಿಕ್ ಮುಗಿಸಿ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿದವರು. ಆ ಉದ್ಯಮದಲ್ಲಿರುವ ನಮ್ಮ ಕಡೆಯ ಹುಡುಗರು ಹಬ್ಬಕ್ಕೆ ಬಂದಾಗ ಹೇಳಿದ್ದನ್ನೂ ಪತ್ರಿಕೆಗಳಲ್ಲಿ ಬಂದುದನ್ನೂ ಕೂಡಿಸಿ ಕಳೆದು ನೋಡಿದ್ದೇವೆ. ಆ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಈ ಉದ್ಯಮವನ್ನು ನಾಲ್ಕಾರು ಜನ ಸಾಹಸಿಗಳೇ ಬರಿಗೈಯಲ್ಲಿ ಕಟ್ಟಿದರೆಂಬ ಕಥೆ ಪ್ರಚಾರದಲ್ಲಿದೆ. ಸಾಹಸವನ್ನು ನಾವು ಅಲ್ಲಗಳೆಯುವುದಿಲ್ಲ. ಇನ್ಫೋಸಿಸ್ ಸಂಸ್ಥೆ 1981ರಲ್ಲಿ ಪುಣೆಯಲ್ಲಿ 10,000 ರೂಪಾಯಿ ಬಂಡವಾಳದಿಂದ ಆರಂಭವಾಗಿ ಆಮೇಲೆ ಬೆಂಗಳೂರಿಗೆ ಬಂದದ್ದು ನಿಜ. ಆದರೆ ಅದು ಬರುವ ಹೊತ್ತಿಗೆ ಬೆಂಗಳೂರಿನಲ್ಲಿ 1909ರ ಭಾರತೀಯ ವಿಜ್ಞಾನ ಸಂಸ್ಥೆಯಿತ್ತು, 1948ರ ಐ.ಟಿ.ಐ., 1954ರ ಬಿ.ಇ.ಎಲ್. ಕಾರ್ಖಾನೆಗಳಿದ್ದವು, ರಾಜ್ಯ ಸರ್ಕಾರವೇ 1976ರಲ್ಲಿ ಸ್ಥಾಪಿಸಿದ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಹದಮಾಡುತ್ತಿತ್ತು. ಈ ಅಡಿಪಾಯಕ್ಕೆ ಹಾಕಿದ್ದು ಸಾರ್ವಜನಿಕರ ಹಣ. ಆದುದರಿಂದ ಉದ್ಯಮದ ನಿಯಮಗಳ ಬಗ್ಗೆ ಮಾತನಾಡಲು ಸಾರ್ವಜನಿಕರಿಗೆ ಅಧಿಕಾರವಿಲ್ಲವೆಂದು ಯಾರೂ ಹೇಳಲಾಗದು.

ಈ ಉದ್ಯಮ ಹಣ ಗಳಿಸುವ ಬಗೆ ಏನು? ಬಹುಮಟ್ಟಿಗೆ ಅದು ಮಾರುವುದು ನಮ್ಮ ಮಕ್ಕಳ ಗಂಟೆಗಳನ್ನು. ಅಮೆರಿಕದ ಬ್ಯಾಂಕೋ ವಿಮಾ ಸಂಸ್ಥೆಯೋ ತನ್ನ ಕೆಲಸ ವಹಿಸುತ್ತದೆ; ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್ ಎಂದು ಬಿಲ್ಲು ಹೋಗುತ್ತದೆ. ಹೊಸದಾಗಿ ಸೇರುವ ಪದವೀಧರನಿಗೆ ದೊಡ್ಡ ಕಂಪನಿಗಳು ಕೊಡುವ ಸಂಬಳ ಹತ್ತು ವರ್ಷಕ್ಕೂ ಮೇಲ್ಪಟ್ಟು ವರ್ಷಕ್ಕೆ 3.5 ಲಕ್ಷ ರೂಪಾಯಿಯ ಆಸುಪಾಸಿನಲ್ಲಿಯೇ ನಿಂತಿದೆ. ಆ ಅವಧಿಯಲ್ಲಿ ಬೆಂಗಳೂರಿನ ಮನೆಬಾಡಿಗೆ ನಿಂತಿದೆಯೆ? ಇಂಜಿನಿಯರಿಂಗ್ ಕಾಲೇಜಿನ ಶುಲ್ಕ ನಿಂತಿದೆಯೆ?

ಸಂಬಳ ನಿಂತಿತು, ಗಂಟೆ ಬೆಳೆಯಬೇಕೆಂಬ ಕೂಗು ಎದ್ದಿತು. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷರು 90 ಗಂಟೆಯ ಮಾತೆತ್ತಿದರು. ಭಾನುವಾರವನ್ನೂ ಸೇರಿಸಿ ಹಂಚಿದರೆ 90 ಗಂಟೆಯೆಂದರೆ ದಿನಕ್ಕೆ ಹೆಚ್ಚುಕಡಿಮೆ 13 ಗಂಟೆ. ನಿದ್ದೆ ಯಾವಾಗ, ಊಟ ಯಾವಾಗ, ಹೆತ್ತವರಿಗೆ ಫೋನು ಮಾಡುವುದು ಯಾವಾಗ?

ಇದು ಮಾತಿನಲ್ಲೇ ಮುಗಿದಿದ್ದರೆ ಬಿಡಬಹುದಿತ್ತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. 2024ರ ಜುಲೈಯಲ್ಲಿ ಐ.ಟಿ. ನೌಕರರನ್ನು ದಿನಕ್ಕೆ 12 ಗಂಟೆಗೂ ಮಿಗಿಲಾಗಿ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಸರ್ಕಾರದ ಮುಂದೆ ಬಂತು. 2017ರಲ್ಲಿ ಹುಟ್ಟಿದ ಐ.ಟಿ. ನೌಕರರ ಸಂಘ ಬೀದಿಗಿಳಿಯಿತು. ಮರುವರ್ಷ ಜೂನಿನಲ್ಲಿ ಅದೇ ವಿಚಾರ ಬೇರೆ ಅಂಗಿ ತೊಟ್ಟು ಬಂತು: ದಿನಕ್ಕೆ 10 ಗಂಟೆ, ಹೆಚ್ಚುವರಿ ದುಡಿಮೆ ಸೇರಿ 12, ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿ 50 ಗಂಟೆಯಿಂದ 144ಕ್ಕೆ.

ಇಲ್ಲಿ ನಾವು ಕಾಗೋಡನ್ನು ನೆನೆಯಬೇಕು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತರು. ಡಾಕ್ಟರ್ ಲೋಹಿಯಾ ಅಲ್ಲಿಗೆ ಹೋಗಿ ಬಂಧನಕ್ಕೊಳಗಾದರು. ಆ ಜಗಳದ ಮೂಲದಲ್ಲಿದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದಿತ್ತು. ಲೆಕ್ಕದಲ್ಲಿ ಕೊಳಗ ಅಷ್ಟೇ. ಕಣದಿಂದ ಹೋಗುವ ಭತ್ತ ಮಾತ್ರ ಹೆಚ್ಚು. ಇಂದು ‘ಒಂದು ದಿನದ ಕೆಲಸ’ ಎಂಬ ಕೊಳಗವನ್ನು ಹಿಗ್ಗಿಸುತ್ತಿದ್ದಾರೆ. ಸಂಬಳದ ಚೀಟಿಯಲ್ಲಿ ದಿನ ಅಷ್ಟೇ. ಮೈಯಿಂದ ಹೋಗುವ ದುಡಿಮೆ ಮಾತ್ರ ಹೆಚ್ಚು.

ಇನ್ನು ತೆಗೆದುಹಾಕುವ ವಿಚಾರ. 2025ರ ಜುಲೈಯಲ್ಲಿ ಟಿ.ಸಿ.ಎಸ್. ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಬಿಡುವುದಾಗಿ ಹೇಳಿತು. ಇದು ಯಂತ್ರಬುದ್ಧಿಯಿಂದಲ್ಲ, ಕೌಶಲ ಹೊಂದದ್ದರಿಂದ ಎಂಬುದು ಕಂಪನಿಯ ಮುಖ್ಯಸ್ಥರ ವಿವರಣೆ. ಅದೇ ವರ್ಷ ಫೆಬ್ರವರಿಯಲ್ಲಿ ಇನ್ಫೋಸಿಸ್ಸಿನ ಮೈಸೂರು ಕೇಂದ್ರದಿಂದ ತರಬೇತಿಯಲ್ಲಿದ್ದ 300ಕ್ಕೂ ಹೆಚ್ಚು ಹುಡುಗ ಹುಡುಗಿಯರು ಹೊರಬಿದ್ದರು. ಮೂರು ಬಾರಿ ಪರೀಕ್ಷೆಗೆ ಅವಕಾಶ ಕೊಟ್ಟಿದ್ದೆವು, ಈ ಷರತ್ತು ಒಪ್ಪಂದದಲ್ಲೇ ಇತ್ತು ಎಂದು ಕಂಪನಿ ಹೇಳಿತು. ಆದರೆ ಅವರಲ್ಲಿ ಅನೇಕರು 2022ರಲ್ಲಿ ಪತ್ರ ಪಡೆದು ಎರಡು ವರ್ಷ ಬಾಗಿಲು ಕಾದವರು. ಕಾದ ಎರಡು ವರ್ಷದ ಬಡ್ಡಿ ಯಾರ ಲೆಕ್ಕಕ್ಕೆ? ಶಾಲೆಯಲ್ಲಿ ಪಾಠ ಹೇಳಿದವರಾಗಿ ನಮ್ಮದೊಂದು ಪ್ರಶ್ನೆ: ಪಾಠ ಹೇಳುವವನೂ ಅವನೇ, ಪ್ರಶ್ನೆಪತ್ರಿಕೆ ತೆಗೆಯುವವನೂ ಅವನೇ, ಅಂಕ ಹಾಕುವವನೂ ಅವನೇ, ನಪಾಸಾದರೆ ಊಟದ ತಟ್ಟೆ ಕಸಿಯುವವನೂ ಅವನೇ ಆದರೆ ಅದನ್ನು ಪರೀಕ್ಷೆಯೆನ್ನಲು ಸಾಧ್ಯವೆ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಇಡೀ ಉದ್ಯಮದ ಬಾಯಲ್ಲಿ ಕೃತಕ ಬುದ್ಧಿಮತ್ತೆಯದೇ ಜಪ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹೇಳಿದರೆ ಯಂತ್ರವೇ ಪ್ರೋಗ್ರಾಂ ಬರೆಯುತ್ತದೆ. ತಪ್ಪನ್ನೂ ಬರೆಯುತ್ತದೆ, ತಿದ್ದಲು ಬಲ್ಲವರು ಬೇಕು. ಆದರೆ ಸಣ್ಣ ತಿದ್ದುಪಡಿ, ಪರೀಕ್ಷಿಸುವುದು, ಹಳೆಯದನ್ನು ಹೊಸದಕ್ಕೆ ಬದಲಿಸುವುದು ಮೊದಲಾದ ಕೆಳಹಂತದ ಕೆಲಸಗಳನ್ನು ಅದು ಮೊದಲು ನುಂಗುತ್ತದೆ. ಹಳ್ಳಿಯ ಮಕ್ಕಳು ಏಣಿ ಹತ್ತುವುದು ಆ ಕೆಳಮೆಟ್ಟಿಲಿನಿಂದಲೇ. ದೊಡ್ಡ ಕಾಲೇಜಿನ, ದೊಡ್ಡವರ ಪರಿಚಯದ ಮಕ್ಕಳು ಬೇರೆ ದಾರಿಯಲ್ಲಿ ಮೇಲೇರಿಯಾರು. ಕನ್ನಡ ಶಾಲೆಯಲ್ಲಿ ಓದಿದ ಗಂಗಾವತಿಯ ಹುಡುಗಿಗೆ ಆ ಮೆಟ್ಟಿಲು ಕಿತ್ತರೆ ಏಣಿಯೇ ಇಲ್ಲ. 371(ಜೆ) ಕಲಮಿನ ಮೀಸಲಾತಿ ನಮ್ಮ ಭಾಗಕ್ಕೆ ಸರ್ಕಾರಿ ಕೆಲಸದಲ್ಲಿ, ಶಿಕ್ಷಣದಲ್ಲಿ ಉಂಟು. ಖಾಸಗಿ ಕಂಪನಿಯ ಬಾಗಿಲಲ್ಲಿ ಅದು ನಡೆಯದು.

ಹಾಗಾದರೆ ಯಂತ್ರ ಬೇಡವೆನ್ನೋಣವೆ? ಎಡದಂಡೆ ಕಾಲುವೆಯ ಗದ್ದೆಗಳಿಗೆ ಭತ್ತ ಕೊಯ್ಯುವ ಯಂತ್ರ ಬಂದಾಗ ಏನಾಯಿತೆಂದು ನಿಮಗೆ ಗೊತ್ತು. ದಿನಗಟ್ಟಲೆಯ ಕೊಯ್ಲು ತಾಸುಗಳಲ್ಲಿ ಮುಗಿಯಿತು. ಮತ್ತೆ ಕುಡುಗೋಲು ಹಿಡಿಯೋಣವೆಂದು ನಾವಾರೂ ಹೇಳುವುದಿಲ್ಲ. ಬಾಗಿದ ನಡುವಿನ ನೋವು ಬಲ್ಲವರು ಹಾಗೆನ್ನಲಾರರು. ಆದರೆ ಉಳಿದ ಆ ದಿನಗಳ ಫಲ ಯಾರಿಗೆ ಸೇರಿತು? ಯಂತ್ರದ ಮಾಲಿಕನಿಗೆ ಬಾಡಿಗೆ ಸೇರಿತು. ಕೊಯ್ಲಿಗೆ ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಕೂಲಿಯಿಲ್ಲದ ದಿನ ಸೇರಿತು. ಅವರ ಪರವಾಗಿ ಕೂತು ಮಾತಾಡುವ ಸಂಘವಿರಲಿಲ್ಲ.

ಸಂಘವಿದ್ದಲ್ಲಿ ಬೇರೆಯಾಗಬಲ್ಲದೆಂಬುದಕ್ಕೆ ಸಾಕ್ಷಿಯಿದೆ. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವಾಗ 1983ರಲ್ಲಿ ನೌಕರರ ಸಂಘಗಳೂ ಆಡಳಿತದವರೂ ಎದುರುಬದುರು ಕೂತು ಒಪ್ಪಂದ ಮಾಡಿಕೊಂಡರು. ಯಂತ್ರ ಬಂತು, ಮಾತುಕತೆಯ ಮೂಲಕ ಬಂತು. ಐ.ಟಿ. ನೌಕರರಿಗೂ ಇದೇ ಬೇಕು. ಎಂಟು ಗಂಟೆಯ ಕೆಲಸವನ್ನು ಯಂತ್ರ ನಾಲ್ಕು ಗಂಟೆಯಲ್ಲಿ ಮಾಡಿಸಿದರೆ, ಉಳಿದ ನಾಲ್ಕು ಗಂಟೆಯಲ್ಲಿ ದುಡಿಯುವವನಿಗೂ ಪಾಲಿರಬೇಕು. ಯಂತ್ರ ಕೆಲಸ ಹಗುರ ಮಾಡುತ್ತದೆಂದು ಒಂದು ಬಾಯಲ್ಲಿ ಹೇಳಿ, ಗಂಟೆ ಹೆಚ್ಚಿಸಬೇಕೆಂದು ಇನ್ನೊಂದು ಬಾಯಲ್ಲಿ ಹೇಳುವುದನ್ನು ಒಪ್ಪುವುದು ಹೇಗೆ?

‘ನಾವು ಇಂಜಿನಿಯರುಗಳು, ಕೂಲಿಗಳಲ್ಲ’ ಎಂದು ಕೆಲವು ತರುಣರು ಸಂಘವೆಂದರೆ ಮೂಗು ಮುರಿಯುತ್ತಾರೆ. ತಮ್ಮಂದಿರೆ, ಗಂಗಾವತಿಯ ಅಕ್ಕಿ ಗಿರಣಿಯ ಹಮಾಲ ಚೀಲಕ್ಕಿಷ್ಟೆಂದು ದರ ಮಾತಾಡಿಯೇ ಹೆಗಲು ಕೊಡುತ್ತಾನೆ. ನೀವು ದರ ಮಾತಾಡುವುದಿಲ್ಲ, ತೆಗೆದುಹಾಕಿದರೆ ಕಾರಣ ಕೇಳುವುದಿಲ್ಲ. ಹೆಚ್ಚು ಓದಿದ್ದಕ್ಕೆ ಇದೇ ಫಲವೆ?

ಸೇವಾನಿಯಮಗಳನ್ನು ಬರೆದಿಡಬೇಕೆಂಬ 1946ರ ಕಾಯಿದೆಯಿಂದ ಐ.ಟಿ. ಕಂಪನಿಗಳಿಗೆ ವಿನಾಯಿತಿ ಕೊಡುತ್ತ ಬಂದ ರಾಜ್ಯ ಸರ್ಕಾರ, 2024ರ ಜೂನಿನಲ್ಲಿ ಅದನ್ನು ಮತ್ತೆ 5 ವರ್ಷಕ್ಕೆ ಮುಂದುವರಿಸಿತು. ನೌಕರರನ್ನು ವಜಾ ಮಾಡಿದರೆ, ಹಿಂಬಡ್ತಿ ಕೊಟ್ಟರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು, ದೂರು ಕೇಳುವ ಸಮಿತಿಯಲ್ಲಿ ನೌಕರರಿಗೆ ಸಮಪಾಲು ಇರಬೇಕು ಎಂಬ ಷರತ್ತುಗಳನ್ನೂ ಹಾಕಿತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆ ಅವುಗಳಲ್ಲಿ ಸೇರಿಹೋಯಿತು. ಹೊಸ ನಿಯಮಗಳು ರೂಪುಗೊಳ್ಳುವ ಈ ಸಮಯದಲ್ಲಿ ನಾವು ಸುಮ್ಮನಿದ್ದರೆ ವಿನಾಯಿತಿಯೇ ನಿಯಮವಾದೀತು.

ಆದುದರಿಂದ ಈ ಸಭೆಯ ಮುಂದೆ ಒಂದು ಠರಾವು ಇಡುತ್ತೇವೆ. ಒಂದು: ಐ.ಟಿ. ಉದ್ಯಮಕ್ಕೆ ಸೇವಾನಿಯಮಗಳಿಂದ ಇನ್ನು ವಿನಾಯಿತಿ ಬೇಡ. ಎರಡು: ದಿನದ ದುಡಿಮೆಯ ಮಿತಿ ಹೆಚ್ಚಿಸಕೂಡದು, ದುಡಿದ ಗಂಟೆಗಳ ದಾಖಲೆ ನೌಕರನ ಕೈಗೂ ಸಿಗಬೇಕು. ಮೂರು: ಯಾವ ಕಂಪನಿ ಎಷ್ಟು ಜನರನ್ನು ಯಾವ ಕಾರಣಕ್ಕೆ ತೆಗೆದಿದೆಯೆಂದು ಇಲಾಖೆಗೆ ಬಂದ ವರದಿಗಳನ್ನು ಹೆಸರು ಬಿಟ್ಟು ಅಂಕಿಗಳಲ್ಲಿ ಪ್ರಕಟಿಸಬೇಕು. ನಾಲ್ಕು: ನೇಮಕದ ಪತ್ರ ಕೊಟ್ಟು ಕಾಯಿಸಿದ ತಿಂಗಳುಗಳಿಗೆ ಪರಿಹಾರ ಕೊಡಬೇಕು. ಐದು: ಹೊಸ ಯಂತ್ರ ಬಂದರೆ ಅದರ ಶಿಕ್ಷಣ ಕಂಪನಿಯ ಖರ್ಚಿನಲ್ಲಿ, ಕೆಲಸದ ವೇಳೆಯಲ್ಲಿ ನಡೆಯಬೇಕು.

ಮಕ್ಕಳನ್ನು ಬೆಂಗಳೂರಿಗೆ ಕಳಿಸಿದ ತಂದೆತಾಯಂದಿರು ಇಂದು ರಾತ್ರಿಯೇ ಅವರಿಗೆ ಫೋನು ಮಾಡಿ, ಊಟವಾಯಿತೆ ಎಂದು ಕೇಳಿದ ಮೇಲೆ, ಸಂಘಕ್ಕೆ ಸೇರಿದಿಯಾ ಎಂದೂ ಕೇಳಿ. ಠರಾವಿಗೆ ಒಪ್ಪಿಗೆಯಿದ್ದವರು ಕೈ ಎತ್ತಬೇಕಾಗಿ ಕೋರುತ್ತೇವೆ.