ಕರಿಕಲ್ಲಿನ ಹೊಟ್ಟೆಯ ಹರಳುಗಳು

(ತಿಕೋಟಾದಲ್ಲಿ ಓದುಗರ ಎದುರು ಆಡಿದ ಮಾತುಗಳ ಬರಹರೂಪ)



ವಿಜಯಪುರ ಎಂದೊಡನೆ ಗೋಳಗುಮ್ಮಟ ಕಣ್ಣಮುಂದೆ ನಿಲ್ಲುತ್ತದೆ. ಅದನ್ನು ಕಟ್ಟಿಸಿದವರು ಯಾರು, ಒಳಗೆ ಆಡಿದ ಮಾತು ಹೇಗೆ ಮಾರ್ದನಿಗೊಳ್ಳುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಗೋಡೆಯ ಕಲ್ಲು ಯಾವುದು ಎಂದು ಕೇಳಿದರೆ ‘ಕರಿಕಲ್ಲು’ ಎಂಬಲ್ಲಿಗೆ ನಮ್ಮ ಉತ್ತರ ಮುಗಿಯುತ್ತದೆ. ಭೂವಿಜ್ಞಾನಿಗಳು ಅದನ್ನು ಬಸಾಲ್ಟ್ ಎನ್ನುತ್ತಾರೆ. ತಿಕೋಟಾ, ಬಬಲೇಶ್ವರ ಕಡೆ ಬಾವಿ ತೋಡಿದಾಗ ಎರಿ ಮಣ್ಣು, ಗರಸು ದಾಟಿದ ಮೇಲೆ ಸಿಗುವುದೂ ಇದೇ ಕಲ್ಲು. ಬಾವಿಯ ದಂಡೆಯ ಮೇಲೆ ಬಿದ್ದ ಕಲ್ಲುರಾಶಿಯಲ್ಲಿ ಬಿಳಿಯ ಹರಳುಗಳು ಬಿಸಿಲಿಗೆ ಮಿನುಗುವುದನ್ನು ನಿಮ್ಮಲ್ಲಿ ಹಲವರು ಕಂಡಿರಬೇಕು. ಆ ಹರಳುಗಳ ಜಾತಿ ಯಾವುದು, ಅದನ್ನು ಗುರುತಿಸುವುದು ಹೇಗೆ ಎಂಬುದೇ ಇವತ್ತಿನ ಮಾತು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಸೀಳಿ ಲಾವಾರಸ ಹೊರಬಂದು ಪದರು ಪದರಾಗಿ ಹರಿಯಿತು. ಹಾಗೆ ಆರಿ ಗಟ್ಟಿಯಾದ ನೆಲಕ್ಕೆ ‘ದಖನ್ ಟ್ರ್ಯಾಪ್’ ಎಂದು ಹೆಸರು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ನಮ್ಮ ಜಿಲ್ಲೆ ಅದರ ದಕ್ಷಿಣದ ಅಂಚಿನ ಭಾಗ. ಲಾವಾ ಆರುವಾಗ ಒಳಗಿನ ಅನಿಲ ಮೇಲೇರಿ, ಕಾದ ಹೆಂಚಿನ ಮೇಲಿನ ದೋಸೆಯಲ್ಲಿ ಏಳುವಂತೆ ತೂತುಗಳನ್ನು ಬಿಟ್ಟಿತು. ಮುಂದೆ ಬಿಸಿನೀರು ಕಲ್ಲಿನೊಳಗೆ ಇಳಿದು, ಅಲ್ಲಿನ ಖನಿಜಾಂಶಗಳನ್ನು ಕರಗಿಸಿ, ಈ ತೂತುಗಳಲ್ಲಿ ನಿಧಾನವಾಗಿ ಹರಳುಗಟ್ಟಿಸಿತು. ನಮ್ಮ ಕಡೆಯ ತೂತುಗಲ್ಲಿನಲ್ಲಿ ಸಿಗುವ ಬೆಣಚು, ಕ್ಯಾಲ್ಸೈಟ್, ಜಿಯೋಲೈಟ್ ಎಲ್ಲವೂ ಹೀಗೆ ಹುಟ್ಟಿದವು.

ಇವುಗಳಲ್ಲಿ ಬೆಣಚು ಮತ್ತು ಜಿಯೋಲೈಟ್ ಎರಡೂ ಸಿಲಿಕೇಟ್ ಮನೆತನಕ್ಕೆ ಸೇರಿದವು. ಈ ಮನೆತನದ ಮೂಲ ಇಟ್ಟಿಗೆ ಒಂದೇ. ಮೂರು ಗುಂಡುಗಳನ್ನು ಒತ್ತಾಗಿ ಜೋಡಿಸಿ ಮೇಲೊಂದು ಗುಂಡನ್ನು ಇಟ್ಟರೆ ನಡುವೆ ಒಂದು ಸಂದು ಉಳಿಯುತ್ತದೆಯಲ್ಲವೆ? ಆ ನಾಲ್ಕು ಗುಂಡು ಆಮ್ಲಜನಕ. ಸಂದಿನಲ್ಲಿ ಕಡಲೆಕಾಳಿನಂತೆ ಕುಳಿತಿರುವುದು ಸಿಲಿಕಾನ್. ಇಟ್ಟಿಗೆ ಒಂದೇ ಆದರೂ ಜೋಡಣೆ ಬೇರೆಯಾದರೆ ಕಲ್ಲಿನ ಗುಣವೇ ಬೇರೆ. ಇಟ್ಟಿಗೆಗಳು ಬಿಡಿಬಿಡಿಯಾಗಿ ನಿಂತರೆ ಆಲಿವೀನ್. ಸರಪಳಿಯಾಗಿ ಸಾಲುಗಟ್ಟಿದರೆ ಪೈರಾಕ್ಸೀನ್. ನಮ್ಮ ಕರಿಕಲ್ಲಿನ ಕಪ್ಪಿಗೆ ಇದು ಒಂದು ಕಾರಣ. ಹಾಳೆಯಂತೆ ಹರಡಿದರೆ ಅಭ್ರಕ. ಅದಕ್ಕೇ ಅಭ್ರಕವನ್ನು ಪದರು ಪದರಾಗಿ ಬಿಡಿಸಬಹುದು. ನಾಲ್ಕೂ ದಿಕ್ಕಿಗೆ ಕೈಹಿಡಿದು ಚೌಕಟ್ಟಾದರೆ ಬೆಣಚು, ಜಿಯೋಲೈಟ್.

ಜಿಯೋಲೈಟಿನ ಚೌಕಟ್ಟಿನಲ್ಲಿ ಅಲ್ಯೂಮಿನಿಯಮ್ ಕೂಡ ಸೇರಿರುತ್ತದೆ, ಮತ್ತು ಒಳಗೆ ಟೊಳ್ಳು ಕೋಣೆಗಳಿರುತ್ತವೆ. ಆ ಕೋಣೆಗಳಲ್ಲಿ ನೀರಿರುತ್ತದೆ. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಇಂಥ ಕಲ್ಲನ್ನು ಕಾಯಿಸಿದಾಗ ಅದು ಬುರುಗೆದ್ದಿತು. ಆದ್ದರಿಂದ ಗ್ರೀಕ್ ಭಾಷೆಯಲ್ಲಿ ‘ಕುದಿಯುವ ಕಲ್ಲು’ ಎಂಬ ಅರ್ಥದ ಜಿಯೋಲೈಟ್ ಎಂಬ ಹೆಸರನ್ನು ಆತ ಕೊಟ್ಟ. ಈ ಕೋಣೆಗಳು ಗಡಸು ನೀರಿನ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಮ್ಮನ್ನು ಬಿಡಬಲ್ಲವು. ನೀರನ್ನು ಮೆದುಗೊಳಿಸಲು ಜಿಯೋಲೈಟ್ ಬಳಸುವುದು ಈ ಗುಣದಿಂದಲೇ.

ಇನ್ನು ಅಪರೂಪದ ಹರಳಿನ ಸಂಗತಿ. ವಿಜಯಪುರದಿಂದ ಸೊಲ್ಲಾಪುರದ ಮೇಲೆ ಪುಣೆಯವರೆಗೆ ಹೋದರೂ ಕಾಲಡಿಯ ಕಲ್ಲು ಬದಲಾಗುವುದಿಲ್ಲ. ಎಲ್ಲವೂ ಇದೇ ದಖನ್ ಟ್ರ್ಯಾಪ್. ಪುಣೆಯ ಪೂರ್ವಕ್ಕಿರುವ ವಾಘೋಲಿಯ ಕಲ್ಲಿನ ಖಣಿಗಳಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಕಡುನೀಲಿ ಹರಳುಗಳು ಸಿಕ್ಕವು. ಅದು ಜಲ್ಲಿಗಾಗಿ ಕಲ್ಲು ಒಡೆಯುವ ಜಾಗ. ಆ ನೀಲಿ ಹರಳೇ ಕ್ಯಾವನ್‌ಸೈಟ್. ಕ್ಯಾಲ್ಸಿಯಮ್, ವೆನೇಡಿಯಮ್, ಸಿಲಿಕಾನ್ ಈ ಮೂರರ ಮೊದಲಕ್ಷರಗಳನ್ನು ಕೂಡಿಸಿದ ಹೆಸರು ಅದು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸಿಕ್ಕ ಮಾದರಿಗಳ ಆಧಾರದ ಮೇಲೆ ವಿಜ್ಞಾನಿಗಳು 1973ರಲ್ಲಿ ಅದನ್ನು ಹೊಸ ಖನಿಜವೆಂದು ವಿವರಿಸಿದ್ದರು. ಜಗತ್ತಿನಲ್ಲಿ ಕೆಲವೇ ಕಡೆ ಸಿಗುವ ಈ ಹರಳಿನ ಹೆಸರುವಾಸಿ ತವರು ಇಂದು ವಾಘೋಲಿಯೇ.

ಅದರ ನೀಲಿಗೆ ವೆನೇಡಿಯಮ್ ಕಾರಣ. ಗಡಸುತನ 10ರ ಅಳತೆಯಲ್ಲಿ 3ರಿಂದ 4, ಚಾಕುವಿನಿಂದ ಗೀಚಬಹುದು. ತೂಕ ಅಷ್ಟೇ ಗಾತ್ರದ ನೀರಿಗಿಂತ ಸುಮಾರು 2.3 ಪಟ್ಟು. ಬಿಳಿಯ ಸ್ಟಿಲ್‌ಬೈಟ್ ಎಂಬ ಜಿಯೋಲೈಟಿನ ಮೇಲೆ ಅದು ಸಣ್ಣ ನೀಲಿ ಗೊಂಚಲಾಗಿ ಕುಳಿತಿರುತ್ತದೆ. ಹೀಗೆ ಒಂದೇ ತೂತಿನಲ್ಲಿ ಒಟ್ಟಿಗೆ ಬೆಳೆದರೂ ಕ್ಯಾವನ್‌ಸೈಟ್ ಜಿಯೋಲೈಟ್ ಅಲ್ಲ. ಅದರ ಇಟ್ಟಿಗೆಗಳು ಹಾಳೆಯಾಗಿ ಹರಡಿವೆ; ಹಾಳೆ ಹಾಳೆಗಳ ನಡುವೆ ವೆನೇಡಿಯಮ್ ಬೆಸುಗೆಯಾಗಿದೆ. ಆದ್ದರಿಂದ ಅದು ಅಭ್ರಕದ ದೂರದ ನೆಂಟ.

ಇನ್ನೊಂದು ವಿಚಿತ್ರ ಕೇಳಿ. ಪೆಂಟಗೊನೈಟ್ ಎಂಬ ಮತ್ತೊಂದು ನೀಲಿ ಹರಳಿದೆ. ಇದರ ರಾಸಾಯನಿಕ ಸೂತ್ರವೂ ಕ್ಯಾವನ್‌ಸೈಟಿನದೂ ಒಂದೇ. ಕ್ಯಾವನ್‌ಸೈಟಿನ ಹಾಳೆಯಲ್ಲಿ ನಾಲ್ಕು ಮತ್ತು ಎಂಟು ಇಟ್ಟಿಗೆಗಳ ಬಳೆಗಳಿದ್ದರೆ ಪೆಂಟಗೊನೈಟಿನಲ್ಲಿ ಆರು ಇಟ್ಟಿಗೆಗಳ ಬಳೆಗಳಿವೆ. ಇಷ್ಟೇ ವ್ಯತ್ಯಾಸಕ್ಕೆ ಎರಡು ಖನಿಜ, ಎರಡು ಹೆಸರು. ಅಂದರೆ ಬಣ್ಣ, ಹುಟ್ಟಿದ ಜಾಗ, ಕೊನೆಗೆ ಸೂತ್ರ ಕೂಡ ಖನಿಜದ ಜಾತಿಯನ್ನು ಪೂರ್ತಿ ಹೇಳಲಾರವು. ಒಳಗಿನ ಜೋಡಣೆಯೇ ಅದನ್ನು ತೀರ್ಮಾನಿಸುತ್ತದೆ. 1912-13ರಲ್ಲಿ ಲಾವೆ ಮತ್ತು ಬ್ರ್ಯಾಗ್ ತಂದೆ-ಮಗ ಎಕ್ಸ್-ಕಿರಣದಿಂದ ಹರಳಿನ ಒಳಗನ್ನು ನೋಡುವ ದಾರಿ ತೋರಿಸಿದ ಮೇಲೆ ಈ ಲೆಕ್ಕ ಸಾಧ್ಯವಾಯಿತು.

ಹಾಗಾದರೆ ಎಕ್ಸ್-ಕಿರಣ ಯಂತ್ರವಿಲ್ಲದ ನಮಗೇನು ಕೆಲಸ ಎಂದು ನೀವು ಕೇಳಬಹುದು. ಮೊದಲ ಸೋಸುವಿಕೆ ನಮ್ಮ ಕೈಯಲ್ಲೇ ಇದೆ. ಹರಳಿನ ಚೂರನ್ನು ಪುಡಿ ಮಾಡಿ ಇಂಡಿಯ ಲಿಂಬೆಯ ರಸ ಹಿಂಡಿದಾಗ ನೊರೆಗುಳ್ಳೆ ಎದ್ದರೆ ಅದು ಬಹುತೇಕ ಕ್ಯಾಲ್ಸೈಟ್, ಸಿಲಿಕೇಟ್ ಅಲ್ಲ. ಚಾಕುವಿಗೆ ಜಗ್ಗದಿದ್ದರೆ ಬೆಣಚು. ಚಾಕುವಿಗೆ ಗೀರು ಬಿದ್ದು, ಮುತ್ತಿನ ಹೊಳಪಿದ್ದು, ನಡು ಕಟ್ಟಿದ ಜೋಳದ ಸಿವುಡಿನಂತೆ ಕಂಡರೆ ಸ್ಟಿಲ್‌ಬೈಟ್ ಇರಬಹುದು. ಇಷ್ಟು ತಿಳಿದವನಿಗೆ ಜಾತ್ರೆಯಲ್ಲಿ ಯಾರೂ ಕ್ಯಾಲ್ಸೈಟನ್ನು ಸ್ಫಟಿಕವೆಂದು ಮಾರಲಾರರು.

ಇದಕ್ಕಿಂತ ದೊಡ್ಡ ಮಾತೊಂದಿದೆ. ಹರಳಿನ ಜಾತಿಯನ್ನು ಪ್ರಯೋಗಾಲಯ ಎಂದಾದರೂ ಹೇಳಬಲ್ಲದು. ಅದು ಯಾವ ಬಾವಿಯಲ್ಲಿ, ಎಷ್ಟು ಅಡಿಯಲ್ಲಿ, ಯಾವ ಪದರಿನಲ್ಲಿ ಸಿಕ್ಕಿತು ಎಂಬುದನ್ನು ಬಾವಿ ತೋಡಿದವರಷ್ಟೇ ಹೇಳಬಲ್ಲರು. ಆ ಕಲ್ಲು ಒಮ್ಮೆ ಕ್ರಷರಿಗೆ ಬಿದ್ದು ಜಲ್ಲಿಯಾದರೆ ಆ ಸುದ್ದಿ ಮತ್ತೆ ಸಿಗದು. ವಾಘೋಲಿಯಲ್ಲಿ ಸಿಕ್ಕದ್ದು ತಿಕೋಟಾದಲ್ಲಿ ಸಿಕ್ಕೇ ತೀರುತ್ತದೆ ಎಂದು ನಾನು ಹೇಳುತ್ತಿಲ್ಲ. ನೋಡದೆ ಒಡೆದು ಹಾಕಿದರೆ ಇದ್ದದ್ದೂ ಇಲ್ಲವಾಗುತ್ತದೆ ಎಂಬುದಷ್ಟೇ ನನ್ನ ಮಾತು.

ಅದಕ್ಕೆಂದು ಯಾರೂ ಖಣಿಗೆ ಇಳಿಯುವುದು ಬೇಡ. ಮೇಲೆ ಬಂದು ಬಿದ್ದ ಕಲ್ಲಿನಲ್ಲಿ ಹರಳು ಕಂಡರೆ ಹೊಲದವರನ್ನು ಕೇಳಿ ಒಂದು ತುಂಡು ಎತ್ತಿಡಿ. ಊರು, ಬಾವಿಯ ಆಳ, ದಿನಾಂಕ ಬರೆದ ಚೀಟಿಯನ್ನು ಜೊತೆಗಿಟ್ಟು ಶಾಲೆಯ ಕಪಾಟಿಗೆ ಕೊಡಿ. ಚೀಟಿಯಿಲ್ಲದ ಹರಳು ಬರೀ ಚೆಂದದ ಕಲ್ಲು. ಚೀಟಿಯಿದ್ದರೆ ಅದು ಈ ನೆಲದ ದಾಖಲೆ.