ವೆಚ್ಚದ ಲೆಕ್ಕ, ಫಲದ ಲೆಕ್ಕ



ಅಮೆರಿಕದ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಲಯವು 1909ರಲ್ಲಿ ಅನಾಪೊಲಿಸ್‌ನಲ್ಲಿ ಆರಂಭಗೊಂಡು, 1951ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಗೆ ಸ್ಥಳಾಂತರಗೊಂಡಿತು. ಅಲ್ಲಿ ಸೇವಾನಿರತ ಸೇನಾಧಿಕಾರಿಗಳು ವ್ಯವಹಾರ ಆಡಳಿತವನ್ನೂ ವ್ಯಾಸಂಗ ಮಾಡುತ್ತಾರೆ. ಖರೀದಿ, ದಾಸ್ತಾನುಗಳಿಗಾಗಿ ಕಲಿತ ವಿಶ್ಲೇಷಣೆಯನ್ನು ಸ್ಥಳೀಯ ಸಮುದಾಯದ ಕಾರ್ಯಕ್ರಮಗಳಿಗೂ ಅನ್ವಯಿಸಿದ್ದಾರೆ. ಎಷ್ಟು ಖರ್ಚಾಯಿತು ಎಂಬಲ್ಲಿಗೆ ಈ ವಿಶ್ಲೇಷಣೆ ನಿಲ್ಲುವುದಿಲ್ಲ. ಆ ಖರ್ಚಿನಿಂದ ಎಷ್ಟು ಜನರಿಗೆ, ಏನು ದೊರೆಯಿತು ಎಂದೂ ಕೇಳುತ್ತದೆ.

ಎಂಜಿನಿಯರಿಂಗ್ ಪದವೀಧರನಾದ ನಾನು ಅಂದಾಜುಪಟ್ಟಿ ಬಲ್ಲೆ. ಈ ಎರಡನೆಯ ಪ್ರಶ್ನೆಯನ್ನು ಬಹುಕಾಲ ಕೇಳಿರಲಿಲ್ಲ. ನಮ್ಮ ಶುದ್ಧ ಕುಡಿಯುವ ನೀರಿನ ಘಟಕದ ಕಡತದಲ್ಲಿ ಅನುದಾನ, ಬಿಲ್ಲು, ಬಳಕೆ ಪ್ರಮಾಣಪತ್ರ ಎಲ್ಲವೂ ಕ್ರಮಬದ್ಧವಾಗಿದ್ದವು. ಘಟಕ ಮಾತ್ರ ಫಿಲ್ಟರ್ ಬದಲಿಸದ ಕಾರಣ ಬೇಸಿಗೆಯಿಡೀ ಮುಚ್ಚಿತ್ತು. ಹೆಣ್ಣುಮಕ್ಕಳು ಪಕ್ಕದ ಊರಿನಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದರು. ಆ ನಡಿಗೆ ಯಾವ ವೋಚರಿನಲ್ಲಿಯೂ ದಾಖಲಾಗಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ.

ಹಾಗೆಂದು ಎಲ್ಲವನ್ನೂ ತಲಾವೆಚ್ಚದಿಂದ ಅಳೆಯಲಾಗದು. ಗ್ರಂಥಾಲಯಕ್ಕೆ ಬರುವ ವಿಶೇಷಚೇತನರು ಒಬ್ಬರೇ ಇದ್ದರೂ ಅಲ್ಲಿ ರ‍್ಯಾಂಪ್ ಬೇಕು. ಸೇನೆಯಲ್ಲಿ ಆಜ್ಞೆ ನಡೆಯುತ್ತದೆ; ನಮ್ಮಲ್ಲಿ ನಿರ್ಣಯ ಗ್ರಾಮಸಭೆಯದು.

ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ವಹಣಾ ಬಿಲ್ಲಿಗೆ ಅನುಮೋದನೆ ಕೋರಿದಾಗ, ಘಟಕ ಎಷ್ಟು ದಿನ ನಡೆಯಿತು, ಎಷ್ಟು ಮನೆಗಳು ನೀರು ಒಯ್ದವು ಎಂಬ ವಿವರವನ್ನೂ ನಿಮ್ಮ ಅಭಿವೃದ್ಧಿ ಅಧಿಕಾರಿಯಿಂದ ದಯವಿಟ್ಟು ಕೇಳಿ ಪಡೆಯಿರಿ.