ಮಕ್ಕಳೊಡನೆ ಎಲೆಯಾಟ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮಕ್ಕಳ ಮುಂದೆ ನವಣೆಯ ತೆನೆಯನ್ನೂ ಸಾವೆಯ ತೆನೆಯನ್ನೂ ಇಟ್ಟರೆ ಎಷ್ಟು ಮಂದಿ ಗುರುತಿಸಬಲ್ಲರು? ಅವರ ಅಜ್ಜಂದಿರು ಇವೆರಡನ್ನೂ ಬಿತ್ತಿ ಬೆಳೆದವರು. ಇಂದು ಆ ನೆಲದ ಬಹುಭಾಗವನ್ನು ಗೋವಿನಜೋಳವೂ ಹತ್ತಿಯೂ ಆವರಿಸಿವೆ. ತಪ್ಪು ಮಕ್ಕಳದಲ್ಲ, ಕಣ್ಣಿಗೆ ಬೀಳದ ಬೆಳೆಯ ಹೆಸರು ನಾಲಗೆಗೆ ಬರುವುದಾದರೂ ಹೇಗೆ? ಆದರೆ ಹೆಸರು ಮರೆತ ಧಾನ್ಯವನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ; ಕೇಳದ ಧಾನ್ಯವನ್ನು ರೈತ ಬಿತ್ತುವುದಿಲ್ಲ; ಬಿತ್ತದೆ ಉಳಿದ ಬೀಜವು ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಈ ಮರೆವಿಗೆ ಅಡ್ಡಗಟ್ಟಬಲ್ಲ ಒಂದು ಸುಲಭ ಸಾಧನವೆಂದರೆ ಜೋಡಿ ಕೂಡಿಸುವ ಆಟ. ಜಪಾನಿನಲ್ಲಿ ಶತಮಾನಗಳ ಹಿಂದೆಯೇ ಚಿಪ್ಪಿನ ಎರಡು ಹೋಳುಗಳನ್ನು ಬೇರ್ಪಡಿಸಿ, ಒಂದಕ್ಕೊಂದು ಹೊಂದುವ ಜೋಡಿಯನ್ನು ಹುಡುಕುವ ಆಟವಿತ್ತು. ಕನ್ನಡದಲ್ಲಿ ಇಸ್ಪೀಟಿನ ಕಾರ್ಡಿಗೂ ‘ಎಲೆ’ಯೆಂದೇ ಹೆಸರು. ಹಣವಿಟ್ಟು ಆಡುವ ಎಲೆಯಾಟದ ಬಗೆಗೆ ಹಿರಿಯರಿಗಿರುವ ತಿರಸ್ಕಾರ ನ್ಯಾಯವಾದುದೇ. ಇಲ್ಲಿ ಹಣದ ಪಣವಿಲ್ಲ. ಬೇಕಾದುದು ನೆನಪು ಮಾತ್ರ.

ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಿಂದ ಒಂದೇ ಅಳತೆಯ 24 ಎಲೆಗಳನ್ನು ಕತ್ತರಿಸಬೇಕು. ಎಲ್ಲದರ ಬೆನ್ನಿಗೂ ಒಂದೇ ಬಗೆಯ ಕಾಗದವನ್ನು ಅಂಟಿಸಬೇಕು. ಎಂಟು ಜೋಡಿಗಳಲ್ಲಿ ಒಂದು ಎಲೆಯ ಮೇಲೆ ಗಿಡ, ಮತ್ತೊಂದರ ಮೇಲೆ ಅದರ ಬೀಜ: ನವಣೆ, ಸಾವೆ, ಜೋಳ, ಗೋವಿನಜೋಳ, ಹತ್ತಿ, ಭತ್ತ, ಹುರುಳಿ, ಮಾವು. ಉಳಿದ ನಾಲ್ಕು ಜೋಡಿಗಳು ಇವು: ಸವಣೂರಿನ ವೀಳ್ಯದೆಲೆ ಮತ್ತು ನಾಟಿಗೆ ಬಳಸುವ ಬಳ್ಳಿಯ ತುಂಡು, ದೊಡ್ಡ ಹುಣಸೆಯ ಮರ ಮತ್ತು ಅದರ ಕಾಯಿ, ಬಂಕಾಪುರದ ನವಿಲು ಮತ್ತು ಗರಿ, ಕುಮುದ್ವತಿ ನದಿ ಮತ್ತು ಮದಗದ ಕೆರೆ. ನಿಜವಾದ ಬೀಜವನ್ನು ಅಂಟಿಸಿದರೆ ಎಲೆ ಉಬ್ಬಿ ಗುಟ್ಟು ಬಯಲಾಗುತ್ತದೆ. ಆದ್ದರಿಂದ ಚಿತ್ರವನ್ನೇ ಬರೆಯಬೇಕು. ಬೀಜವನ್ನು ಎದುರಿಗಿಟ್ಟುಕೊಂಡು ಮಕ್ಕಳೇ ಬರೆದರೆ ಅರ್ಧ ಪಾಠ ಅಲ್ಲಿಯೇ ಮುಗಿಯುತ್ತದೆ. ನವಣೆಯ ತೆನೆ ಒತ್ತಾಗಿ ಬಾಗಿರುತ್ತದೆ, ಸಾವೆಯದು ಬಿಡಿಬಿಡಿಯಾಗಿ ಹರಡಿರುತ್ತದೆ ಎಂಬುದನ್ನು ಕೈಯೇ ಕಲಿಯುತ್ತದೆ.

ಎಲೆಗಳನ್ನು ಕಲಸಿ, ಬೋರಲಾಗಿ, ಸಾಲಿಗೆ ಆರರಂತೆ ನಾಲ್ಕು ಸಾಲು ಹರಡಬೇಕು. ಮೂರು ನಾಲ್ಕು ಮಂದಿ ಸುತ್ತ ಕೂಡಬೇಕು. ಸರದಿ ಬಂದವರು ಯಾವುದಾದರೂ ಎರಡು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ತಿರುವಬೇಕು. ಜೋಡಿ ಕೂಡದಿದ್ದರೆ ಅದೇ ಜಾಗದಲ್ಲಿ ಬೋರಲಿಟ್ಟು ಸರದಿ ಬಿಟ್ಟುಕೊಡಬೇಕು. ಕೂಡಿದರೆ ಅದರ ಹೆಸರನ್ನೂ, ಅದರ ಬಗ್ಗೆ ಒಂದು ಮಾತನ್ನೂ ಹೇಳಿ ಜೋಡಿಯನ್ನು ಎತ್ತಿಕೊಂಡು ಇನ್ನೊಮ್ಮೆ ಆಡಬಹುದು. ಹೇಳಲು ಬಾರದಿದ್ದರೆ ಹಿರಿಯರು ಹೇಳಿಕೊಡಬೇಕು. ಎಲೆಗಳು ಮಾತ್ರ ನೆಲಕ್ಕೆ ಮರಳಬೇಕು. ಕೊನೆಗೆ ಹೆಚ್ಚು ಜೋಡಿ ಉಳ್ಳವರು ಗೆದ್ದಂತೆ. ಐದಾರು ವರ್ಷದ ಮಕ್ಕಳಿಗೆ ಆರು ಜೋಡಿ ಸಾಕು. ಹಿರಿಯರು ಬೇಕೆಂದೇ ಸೋಲುವ ಅಗತ್ಯವಿಲ್ಲ. ಎಲೆ ಇದ್ದ ಜಾಗವನ್ನು ನೆನಪಿಡುವುದರಲ್ಲಿ ಎಳೆಯರು ಕೆಲವೊಮ್ಮೆ ಅವರನ್ನು ಮೀರಿಸಬಹುದು.

ಒಂದೊಂದು ಜೋಡಿಯೂ ಒಂದು ಕಥೆಗೆ ಬಾಗಿಲು. ಸವಣೂರಿನ ದೊಡ್ಡ ಹುಣಸೆಗೂ ಹುಣಸೆಗೂ ನಂಟಿಲ್ಲ. ಆಫ್ರಿಕಾ ಮೂಲದ ಆ ಮರದ ಕಾಯಿಯ ತಿರುಳು ಹುಳಿಯಾದ್ದರಿಂದ ಆ ಹೆಸರು. ಅಲ್ಲಿದ್ದ ಮೂರು ಹೆಮ್ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಮೇಲಾದಾಗ ಅದನ್ನು ಎತ್ತಿ ಮರಳಿ ನೆಡಲಾಯಿತು. ಹೆಸರು ಬಲ್ಲ ಜನರಿದ್ದುದರಿಂದಲೇ ಬಿದ್ದ ಮರ ಸೌದೆಯಾಗಲಿಲ್ಲ. ಸಾವೆಗೆ ಅಂಥ ಗಾತ್ರವಿಲ್ಲ. ಅದು ಕಣ್ಮರೆಯಾದರೆ ಸದ್ದೂ ಆಗದು.

ಆಟ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಮಕ್ಕಳು ಎಲೆಯ ಮೇಲಿನ ಬೀಜವನ್ನು ತಮ್ಮ ಊರಿನಲ್ಲಿ ಹುಡುಕಲಿ, ಯಾರ ಮನೆಯಲ್ಲಿದೆಯೆಂದು ಕೇಳಲಿ. ಒಂದು ಹಿಡಿ ಸಿಕ್ಕರೂ ಮುಂಗಾರಿಗೆ ಶಾಲೆಯ ಅಂಗಳದಲ್ಲಿ ಒಂದು ಸಾಲು ಬಿತ್ತಲಿ. ಎಲೆಯ ಮೇಲಿನ ಜೋಡಿ ಮಣ್ಣಿನಲ್ಲಿಯೂ ಕೂಡಲಿ.